ಮುಟ್ಟು ಸರಿಯಾಗಿ ಬಂದರೂ ಮಗಳಿಗೆ ಇಷ್ಟು ನೋವೇಕೆ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಮೈನೆರೆದು ವರ್ಷವಾಗಿದೆ, ಮುಟ್ಟು ತಪ್ಪದೆ ಬರುತ್ತದೆ. ಆದರೆ ಬಲಗಡೆ ಕಿಬ್ಬೊಟ್ಟೆಯ ನೋವು ಪ್ರತಿ ತಿಂಗಳೂ ಏರುತ್ತಿದ್ದು, ಮೊನ್ನೆ ಶಾಲೆಯ ಮೆಟ್ಟಿಲ ಮೇಲೆಯೇ ಹೊಟ್ಟೆ ಹಿಡಿದು ಕುಳಿತುಬಿಟ್ಟಳಂತೆ. ತೋರಿಸಿದಲ್ಲಿ ‘ಇದು ಸಹಜ’ ಎಂದು ಮಾತ್ರೆ ಕೊಟ್ಟು ಕಳುಹಿಸಿದರು. ಹುಟ್ಟಿನಿಂದ ಅವಳಿಗೆ ಬಲ ಮೂತ್ರಪಿಂಡವಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿರಬಹುದೇ?

ಉತ್ತರ: ಖಂಡಿತ ಇರಬಹುದು, ದಯವಿಟ್ಟು ತಡಮಾಡಬೇಡಿ. ಭ್ರೂಣದಲ್ಲಿ ಮ್ಯುಲೇರಿಯನ್ ಎಂಬ ಎರಡು ನಾಳಗಳು ಬೆಸೆದು ಒಂದು ಗರ್ಭಕೋಶವಾಗುತ್ತದೆ. ಅವು ಬೆಸೆಯದಿದ್ದಾಗ ಎರಡು ಗರ್ಭಕೋಶಗಳು ಉಳಿದು, ಒಂದರ ಕೆಳಗಿನ ಯೋನಿಮಾರ್ಗವನ್ನು ಪೊರೆಯೊಂದು ಮುಚ್ಚಿರುವುದುಂಟು; ಅದೇ ಬದಿಯ ಮೂತ್ರಪಿಂಡವೂ ಇಲ್ಲದಿದ್ದರೆ ಆ ಅಪರೂಪದ ಸ್ಥಿತಿಯನ್ನು ಓಹ್ವಿರಾ ಎನ್ನುತ್ತಾರೆ. ತೆರೆದ ಬದಿಯಿಂದ ಮುಟ್ಟು ಎಂದಿನಂತೆ ಹರಿಯುವುದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಮುಚ್ಚಿದ ಬದಿಯಲ್ಲಿ ರಕ್ತ ತಿಂಗಳು ತಿಂಗಳೂ ತುಂಬಿಕೊಳ್ಳುತ್ತದೆ, ಹಿಮ್ಮುಖವಾಗಿ ಹರಿದು ಎಂಡೊಮೆಟ್ರಿಯೋಸಿಸ್‌ಗೂ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ದಾರಿಯಾಗಬಹುದು. ಸ್ತ್ರೀರೋಗ ತಜ್ಞರಿಗೆ ಮೂತ್ರಪಿಂಡದ ವಿಷಯವನ್ನು ಮೊದಲೇ ತಿಳಿಸಿ, ಎಂಆರ್‌ಐ ಬಗ್ಗೆ ಕೇಳಿ.

ಉತ್ತರ: ನನಗಿದ್ದುದು ಇದೇ. ಮೊದಲ ಸ್ಕ್ಯಾನಿಂಗ್‌ನಲ್ಲಿ ಅದನ್ನು ಅಂಡಾಶಯದ ಗಡ್ಡೆ ಎಂದಿದ್ದರು. ಕೊನೆಗೆ ಪೊರೆಯನ್ನು ಕತ್ತರಿಸಿ ತೆಗೆದಾಗ, ಕಾಕಂಬಿಯಂತೆ ಕಪ್ಪಾಗಿ ಗಟ್ಟಿಯಾಗಿದ್ದ ಹಳೆಯ ರಕ್ತ ಹೊರಬಂತೆಂದು ವೈದ್ಯರು ಹೇಳಿದರು. ಮುಂದಿನ ಮುಟ್ಟಿನಲ್ಲಿ ನಾನು ಬಿಸಿನೀರಿನ ಚೀಲವಿಲ್ಲದೆ ಮಲಗಿದೆ. ಮಗಳ ಮಾತನ್ನು ನಂಬಿ, ನೋವನ್ನು ಅಳೆಯಬಲ್ಲವಳು ಅವಳೊಬ್ಬಳೇ.

ಉತ್ತರ: ಮದುವೆ, ಮಕ್ಕಳ ಚಿಂತೆಯಿಂದ ಚಿಕಿತ್ಸೆಯನ್ನು ಮುಂದೂಡಬೇಡಿ. ಈ ಶಸ್ತ್ರಚಿಕಿತ್ಸೆಯ ನಂತರ ಗರ್ಭ ಧರಿಸಿದವರು ಅನೇಕರಿದ್ದಾರೆ.