ಅಪ್‌ಡೇಟ್: ಜರ್ಕ್ ಮಸಾಲೆಯ ಕಹಿ ಹೋಯಿತು

ಖಾರದ ಮಸಾಲೆ ಮೆತ್ತಿ ಕೆಂಡದಲ್ಲಿ ಸುಡುವ ಜಮೈಕಾದ ಜರ್ಕ್ ಕೋಳಿಗೆಂದು ನಾನು ಅರೆದ ಮಸಾಲೆ ಏಕೆ ಕಹಿಯಾಗುತ್ತದೆ ಎಂದು ಕೇಳಿದ್ದೆ. ಆಲ್‌ಸ್ಪೈಸ್ ಎಂಬ ಒಣಕಾಯಿ ಸಿಗದೆ ಅಷ್ಟೇ ಪ್ರಮಾಣದ ಲವಂಗ ಸುರಿದದ್ದೇ ತಪ್ಪು ಎಂದು ನೀವು ಹೇಳಿದ್ದು ನಿಜವಾಯಿತು. ಈ ಬಾರಿ, ಜಮೈಕಾದವರು ಪಿಮೆಂಟೊ ಎನ್ನುವ ಆ ಒಣಕಾಯಿಯನ್ನೇ ತರಿಸಿ, ಕಿಲೋ ಕೋಳಿಗೆ 1 ದೊಡ್ಡ ಚಮಚದಂತೆ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ ಕುಟ್ಟಿ, ಈರುಳ್ಳಿ ಸೊಪ್ಪು, ಥೈಮ್, ಶುಂಠಿ, ಬೆಳ್ಳುಳ್ಳಿ, ಕಂದು ಸಕ್ಕರೆ, ನಿಂಬೆರಸ ಮತ್ತು ಸ್ಕಾಚ್ ಬಾನೆಟ್ ಎಂಬ ಬಲು ಖಾರದ 2 ಮೆಣಸಿನಕಾಯಿಗಳೊಂದಿಗೆ ತರಿತರಿಯಾಗಿ ಅರೆದೆ. ಬರಿಗೈಯಲ್ಲಿ ಬೀಜ ತೆಗೆದದ್ದಕ್ಕೆ ಬೆರಳುಗಳು ರಾತ್ರಿಯಿಡೀ ಉರಿದವು, ಅದು ಬೇರೆ ಮಾತು. ಮಾಂಸಕ್ಕೆ ಗೀರು ಹಾಕಿ ಮಸಾಲೆ ಮೆತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಸಕ್ಕರೆ ಸೀಯದಂತೆ ಹದವಾದ ಕೆಂಡದಲ್ಲಿ ಸುಟ್ಟಾಗ ಕಹಿಯ ಸುಳಿವೇ ಇರಲಿಲ್ಲ. ಅದೇ ಪಿಮೆಂಟೊ ಮರದ ಕಟ್ಟಿಗೆಯ ಹೊಗೆಯೊಂದು ಮಾತ್ರ ನನ್ನ ಒಲೆಗೆ ಒದಗಲಿಲ್ಲ.