ತೊಗರಿಬೇಳೆ ಬೇಯ್ತಾನೇ ಇಲ್ಲ, ದಾಳಿತೋಯ ನೀರು ಬೇರೆ ಬೇಳೆ ಬೇರೆ. ಕುಕ್ಕರ್ ತಪ್ಪಾ, ಬಾವಿ ನೀರಿನ ತಪ್ಪಾ?

ಕೋಡಿಬಾಗ ಕಿಚನ್ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕೋಡಿಬಾಗದಲ್ಲಿ ಬಾಡಿಗೆ ಮನೆ. ನಮ್ಮಲ್ಲಿ ಅನ್ನದ ಜೊತೆ ದಾಳಿತೋಯ, ಅಂದರೆ ತೊಗರಿಬೇಳೆ ಸಾರು, ಇಲ್ಲದಿದ್ದರೆ ಊಟ ಮುಗಿದ ಹಾಗೇ ಅಲ್ಲ. ಯುಗಾದಿವರೆಗೂ ಚೆನ್ನಾಗಿಯೇ ಆಗುತ್ತಿತ್ತು. ಆಮೇಲಿಂದ ಬೇಳೆ ಹಟ ಹಿಡಿದಿದೆ. ನೋಡಲು ಬೆಂದ ಹಾಗೇ ಕಾಣುತ್ತದೆ. ಬೆರಳಲ್ಲಿ ಹಿಸುಕಿದರೆ ಒಳಗೆ ರವೆ ರವೆ. ಕಡಗೋಲಲ್ಲಿ ಎಷ್ಟು ಕಡೆದರೂ ಒಂದಾಗುವುದಿಲ್ಲ. ಬಟ್ಟಲಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ಹಳದಿ ನೀರು ನಿಲ್ಲುತ್ತದೆ, ಕೆಳಗೆ ಬೇಳೆ ಕೂರುತ್ತದೆ.

ಮಾಡುವುದು ಹೀಗೆ: ಒಂದು ಕಪ್ ತೊಗರಿಬೇಳೆ, ಮೂರು ಕಪ್ ನೀರು, ಅರಿಶಿನ, ಸೀಳಿದ ಹಸಿಮೆಣಸು, ಉಪ್ಪು, ಎರಡು ಕೋಕಂ ಸಿಪ್ಪೆ. ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ. ಇಳಿಸಿ ಕಡೆದು, ನೀರು ಸೇರಿಸಿ, ಇಂಗು ಹಾಕಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಬೇಳೆ ಮೊದಲಿಂದ ತರುವ ಅಂಗಡಿಯದ್ದೇ. ಅಡುಗೆಗೆ ಬಾವಿ ನೀರು, ಕುಡಿಯಲು ಕ್ಯಾನ್ ನೀರು. ಸೀಟಿ ಜಾಸ್ತಿ ಮಾಡಿ ನೋಡಿದೆ, ಗ್ಯಾಸ್ ಖರ್ಚಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೊಸ ಕುಕ್ಕರ್ ತೆಗೆದುಕೊಳ್ಳಬೇಕಾ?

ಕುಕ್ಕರ್ ರಿಪೇರಿ (ಹೊನ್ನಾವರ)

ಸದ್ಯಕ್ಕೆ ಹೊಸದು ತಗೋಬೇಡಿ. ಮೊದಲು ಇಷ್ಟು ನೋಡಿ. ಸೀಟಿ ಬರುವ ಮುಂಚೆ ಮುಚ್ಚಳದ ಅಂಚಿನಿಂದ ನೀರು ತೊಟ್ಟಿಕ್ಕುತ್ತಾ? ಹಿಡಿಕೆ ಹತ್ತಿರ ಆವಿ ಬರುತ್ತಾ? ಬಂದರೆ ರಬ್ಬರ್ ಹೋಗಿದೆ ಎಂದರ್ಥ. ಹೊಸ ಗ್ಯಾಸ್ಕೆಟ್ ಹಾಕಿ, ನಿಮ್ಮ ಕುಕ್ಕರ್ ಮಾಡೆಲಿನದ್ದೇ ಕೇಳಿ ತನ್ನಿ. ಆಮೇಲೆ ವೇಟ್ ತೆಗೆದು ಆ ಸಣ್ಣ ನಳಿಗೆ ಬೆಳಕಿಗೆ ಹಿಡಿದು ನೋಡಿ. ತೊಗರಿಬೇಳೆಯ ನೊರೆ ಅಲ್ಲಿ ಒಣಗಿ ಕೂತಿರುತ್ತದೆ. ಕಟ್ಟಿಕೊಂಡರೆ ಅಪಾಯ. ಬೇಳೆ ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಲೇಬಾರದು. ನಾಲ್ಕು ಹನಿ ಎಣ್ಣೆ ಹಾಕಿದರೆ ನೊರೆ ಕಡಿಮೆ.

ಇನ್ನೊಂದು, ಸೀಟಿ ಲೆಕ್ಕ ನಂಬಬೇಡಿ. ಉರಿ ಜೋರಿದ್ದರೆ ನಾಲ್ಕು ಸೀಟಿ ಮೂರೇ ನಿಮಿಷಕ್ಕೆ ಮುಗಿಯುತ್ತದೆ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಡಿ. ಒತ್ತಡ ತಾನಾಗಿ ಇಳಿಯಲಿ. ಪೂರ್ತಿ ಒತ್ತಡ ನಿಂತರೆ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಳ್ಳೆ ಬೇಳೆಗೆ ಅದು ಧಾರಾಳ ಸಾಕು.

ಕುಮಟಾ ಅಕ್ಕ

ದಾಳಿತೋಯಕ್ಕೆ ಕೋಕಂ ಯಾರು ಹೇಳಿಕೊಟ್ಟರು ನಿಮಗೆ? ನಮ್ಮ ಮನೆಯಲ್ಲಿ ಬೇಳೆ, ಹಸಿಮೆಣಸು, ಇಂಗು, ಒಗ್ಗರಣೆ, ಅಷ್ಟೇ. ಬೇಕಾದವರು ಬಟ್ಟಲಿಗೆ ನಿಂಬೆ ಹಿಂಡಿಕೊಳ್ಳುತ್ತಾರೆ. ಹೋಗಲಿ, ನಿಮ್ಮ ನಾಲಿಗೆ ನಿಮ್ಮದು. ಆದರೆ ಹುಳಿ ಯಾವುದೇ ಇರಲಿ, ಕೋಕಂ, ಹುಣಸೆ, ಟೊಮೆಟೊ, ಬೇಳೆ ಪೂರ್ತಿ ಬೆಂದ ಮೇಲೆಯೇ ಬೀಳಬೇಕು. ಮೊದಲೇ ಹಾಕಿದರೆ ಬೇಳೆ ಬಿಗಿದುಕೊಳ್ಳುತ್ತದೆ.

ಬೇಳೆ ತೊಳೆಯುವಾಗ ಕೈಗೆ ಜಿಡ್ಡು ಹತ್ತುತ್ತದಾ? ಹುಳು ಬೀಳದ ಹಾಗೆ ಹರಳೆಣ್ಣೆ ಸವರಿದ ಬೇಳೆ ಇರಬಹುದು. ಬಿಸಿ ನೀರಲ್ಲಿ ಉಜ್ಜಿ ತೊಳೆದು ಅರ್ಧ ಗಂಟೆ ನೆನೆಸಿ.

ಅಂಕೋಲಾ ಊಟ

ಇಷ್ಟೆಲ್ಲ ಯಾಕೆ? ಚಿಟಿಕೆ ಅಡುಗೆ ಸೋಡಾ ಹಾಕಿ, ಹಿಟ್ಟಾಗಿ ಬೇಯುತ್ತದೆ. ನೀರು ಸರಿ ಇಲ್ಲ ಅನಿಸಿದರೆ ಪಟಿಕ ತಿರುಗಿಸಿ ಬಿಡಿ.

ಲ್ಯಾಬ್ ಮಾಸ್ತರ್ (ಅಂಕೋಲಾ)

ನಮ್ಮೂರವರೇ, ಕ್ಷಮಿಸಿ, ಪಟಿಕ ಇಲ್ಲಿ ಉಪಯೋಗಕ್ಕೆ ಬಾರದು. ಅದು ನೀರಿನ ಕೆಸರು ಇಳಿಸುತ್ತದೆ, ಗಡಸುತನ (ನೀರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ) ತೆಗೆಯುವುದಿಲ್ಲ. ಸೋಡಾ ಹಾಕಿದರೆ ಬೇಳೆ ಬೇಯುತ್ತದೆ, ಸುಳ್ಳಲ್ಲ. ಆದರೆ ಬಿ1 ಜೀವಸತ್ವ ಹಾಳು, ಕೈ ಸ್ವಲ್ಪ ಜಾಸ್ತಿಯಾದರೆ ಸಾಬೂನಿನ ರುಚಿ. ದಿನಾ ಮಾಡುವ ಸಾರಿಗೆ ದಿನಾ ಸೋಡಾ ನನಗಂತೂ ಸರಿ ಕಾಣಲ್ಲ.

ಕೋಡಿಬಾಗದವರಿಗೆ ಮೂರು ಪ್ರಶ್ನೆ. ಬಾವಿ ಕಾಳಿ ನದಿಗೆ ಎಷ್ಟು ಹತ್ತಿರ? ನೀರು ಬಾಯಿಗೆ ಉಪ್ಪುಪ್ಪು ಅನಿಸುತ್ತಾ? ಸಾಬೂನು ಹಚ್ಚಿದರೆ ನೊರೆ ಬರುತ್ತಾ?

ಕೋಡಿಬಾಗ ಕಿಚನ್

ಮಾಸ್ತರೇ, ಹಿತ್ತಿಲು ದಾಟಿದರೆ ಹೊಳೆ. ಏಪ್ರಿಲ್ ಬಂತೆಂದರೆ ನೀರು ಸವಳಾಗುತ್ತದೆ, ಮಳೆ ಹಿಡಿದ ಮೇಲೆ ಮತ್ತೆ ಸಿಹಿ. ಸಾಬೂನು ನೊರೆ ಬರುವುದಿಲ್ಲ, ಬಕೆಟ್ಟಿನ ಸುತ್ತ ಬಿಳಿ ಗಸಿ ಕಟ್ಟುತ್ತದೆ. ಕುಕ್ಕರ್ ಎಲ್ಲೂ ಸೋರುತ್ತಿಲ್ಲ, ನಳಿಗೆಯೂ ಸ್ವಚ್ಛ ಇದೆ. ಬೇಳೆಗೆ ಜಿಡ್ಡಿಲ್ಲ. ಉಪ್ಪು ನೀರಾದ್ದರಿಂದ ಬೇಯುತ್ತಿಲ್ಲವಾ? ಹಾಗಿದ್ದರೆ ಉಪ್ಪು ಹಾಕುವುದನ್ನೇ ನಿಲ್ಲಿಸಲಾ?

ಲ್ಯಾಬ್ ಮಾಸ್ತರ್

ಉಪ್ಪು ಬೇಳೆ ಬೇಯಲು ಬಿಡುವುದಿಲ್ಲ ಎಂದು ನಮ್ಮ ಕಡೆ ತುಂಬಾ ಜನ ಹೇಳುತ್ತಾರೆ. ನಾವು ಅಳತೆಗೆ ಹಾಕುವ ಉಪ್ಪಿನಿಂದ ಹಾಗೇನೂ ಆಗುವುದಿಲ್ಲ. ತೊಂದರೆ ಕೊಡುವುದು ಉಪ್ಪಿನ ಜೊತೆ ಬರುವ ನೆಂಟರು, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ.

ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬಿಸಿಗೆ ಅದು ಕರಗಿದರೆ ಬೇಳೆ ಬಿಡಿಸಿಕೊಳ್ಳುತ್ತದೆ, ಒಳಗಿನ ಪಿಷ್ಟ ಹೊರಗೆ ಬಂದು ನೀರು ಗಟ್ಟಿಯಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಪೆಕ್ಟಿನ್ ಅದನ್ನು ಕಚ್ಚಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಹುಳಿ ಇದ್ದರೂ ಅದು ಬೇಗ ಕರಗುವುದಿಲ್ಲ, ಅಕ್ಕ ಹೇಳಿದ್ದು ಸರಿ. ನಿಮ್ಮ ಬಟ್ಟಲಲ್ಲಿ ನೀರು ಬೇರೆಯಾಗಿ ನಿಲ್ಲುವುದೂ ಇದಕ್ಕೇ. ಪಿಷ್ಟ ಹೊರಗೇ ಬಂದಿಲ್ಲ, ಕಡೆದರೆ ಏನು ಬಂತು?

ಈಗ ನಿಮ್ಮ ಬಾವಿ. ಬೇಸಿಗೆಯಲ್ಲಿ ಹೊಳೆಗೆ ಘಟ್ಟದಿಂದ ಬರುವ ಸಿಹಿನೀರು ಕಡಿಮೆ, ಉಬ್ಬರಕ್ಕೆ ಸಮುದ್ರದ ನೀರು ಒಳಗೆ ಬರುತ್ತದೆ, ದಂಡೆಯ ಬಾವಿಗೂ ಇಳಿಯುತ್ತದೆ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನೂರು ಪಾಲಿನಲ್ಲಿ ಐದೇ ಪಾಲು ಸಮುದ್ರದ ನೀರು ಬೆರೆತರೂ ಗಡಸುತನ ಲೀಟರಿಗೆ 300 ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಬಿಡುತ್ತದೆ.

ಕುದಿಸಿ ಆರಿಸಿದರೆ ಹೋಗುತ್ತದಾ ಎಂದು ಕೇಳುವ ಮೊದಲೇ ಹೇಳುತ್ತೇನೆ. ಸುಣ್ಣದ ಕಲ್ಲಿನ ಕಡೆಯ ನೀರಾದರೆ ಕುದಿಸಿದಾಗ ಒಂದಿಷ್ಟು ಬಿಳಿ ಪದರವಾಗಿ ತಳಕ್ಕೆ ಕೂರುತ್ತದೆ. ಸಮುದ್ರದಿಂದ ಬಂದ ಗಡಸು ಹೆಚ್ಚಿನಂಶ ಹಾಗೇ ಉಳಿಯುತ್ತದೆ. ಕುದಿಸಿದಷ್ಟೂ ನೀರು ಆವಿಯಾಗಿ ಉಳಿದದ್ದು ಇನ್ನೂ ಗಡಸೇ ಆಗುತ್ತದೆ.

ಆದರೆ ನಾನು ಹೇಳಿದೆ ಅಂತ ನಂಬಬೇಡಿ, ಪರೀಕ್ಷೆ ಮಾಡಿ. ಎರಡು ಸಣ್ಣ ಸ್ಟೀಲ್ ಬಟ್ಟಲು. ಎರಡಕ್ಕೂ ಅದೇ ಬೇಳೆ, ಅದೇ ಅಳತೆ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಕ್ಯಾನ್ ನೀರು. ತೊಳೆಯುವುದೂ ಆಯಾ ನೀರಲ್ಲೇ. ಉಪ್ಪು, ಅರಿಶಿನ, ಕೋಕಂ ಏನೂ ಬೇಡ. ಎರಡನ್ನೂ ಒಂದೇ ಕುಕ್ಕರಲ್ಲಿ ಒಂದೇ ಸಲ ಇಡಿ. ಒಂದು ಬೆಂದು ಇನ್ನೊಂದು ಬೇಯದಿದ್ದರೆ ನೀರಿನದೇ ಕೆಲಸ. ಎರಡೂ ಬೇಯದಿದ್ದರೆ ಬೇಳೆ ಅಥವಾ ಕುಕ್ಕರ್. ಎರಡೂ ಬೆಂದರೆ ಕೋಕಂ ಮೇಲೆ ಕಣ್ಣಿಡಿ.

ಕೋಡಿಬಾಗ ಕಿಚನ್

ಮಾಡಿದೆ. ಕ್ಯಾನ್ ನೀರಿನ ಬೇಳೆ ಚಮಚದ ಹಿಂಬದಿಯಲ್ಲಿ ಒತ್ತಿದರೆ ಬೆಣ್ಣೆ ಹಾಗೆ ಹರಡಿತು. ಬಾವಿ ನೀರಿನದು ಒಂದೊಂದು ಕಾಳೂ ಅಂಚು ಕಳೆದುಕೊಳ್ಳದೆ ಬಿಡಿಬಿಡಿಯಾಗಿ ಕೂತಿತ್ತು. ಮೇಲಿನ ನೀರೂ ತೆಳ್ಳಗೆ, ಬಟ್ಟಲಿನ ತಳ ಕಾಣುವಷ್ಟು. ಒಂದೇ ಕುಕ್ಕರ್, ಒಂದೇ ಉರಿ!

ಮರುದಿನ ಎರಡೂ ಬಟ್ಟಲಿಗೆ ಕ್ಯಾನ್ ನೀರೇ ಹಾಕಿ, ಒಂದಕ್ಕೆ ಮಾತ್ರ ಕೋಕಂ ಸೇರಿಸಿದೆ. ಕೋಕಂ ಹಾಕಿದ್ದು ಬೆಂದಿತ್ತು, ಆದರೆ ಒಳಗೆ ಸ್ವಲ್ಪ ರವೆ ಉಳಿದಿತ್ತು. ಅಂದರೆ ನೀರು ದೊಡ್ಡ ಕಳ್ಳ, ಕೋಕಂ ಜೊತೆಗಾರ. ಈಗ ಬೇಳೆಗೆ ಮಾತ್ರ ಕ್ಯಾನ್ ನೀರು, ಉಳಿದಿದ್ದಕ್ಕೆಲ್ಲ ಬಾವಿಯದ್ದೇ. ಹೊತ್ತಿಗೆ ಒಂದು ಲೀಟರ್ ಕೂಡ ಬೇಕಾಗುವುದಿಲ್ಲ.

ಆದರೂ ಹೋಟೆಲ್ಲಿನ ಹಾಗೆ ಒಂದೇ ಹದಕ್ಕೆ ನಿಲ್ಲುತ್ತಿಲ್ಲ, ಅಕ್ಕಾ. ಊಟದ ಕೊನೆಗೆ ಮತ್ತೆ ಸ್ವಲ್ಪ ನೀರು ಬಿಡುತ್ತದೆ.

ಕುಮಟಾ ಅಕ್ಕ

ಕಡೆದ ಮೇಲೆ ತಣ್ಣೀರು ಹೊಯ್ಯುತ್ತೀರಿ, ಅಲ್ವಾ? ಅದನ್ನು ಬಿಡಿ. ಕುಕ್ಕರ್ ತೆಗೆದ ತಕ್ಷಣ, ಬೇಳೆ ಸುಡುಸುಡು ಇರುವಾಗಲೇ ಕಡೆಯಿರಿ. ಮೊದಲು ಗಟ್ಟಿಯಾಗಿಯೇ ಕಡೆಯಬೇಕು, ನೀರು ಜಾಸ್ತಿ ಇದ್ದರೆ ಬೇಳೆ ಕಡಗೋಲಿಗೆ ಸಿಗದೆ ಓಡುತ್ತದೆ. ನುಣ್ಣಗಾದ ಮೇಲೆ ಕುದಿಯುವ ನೀರು ಸೇರಿಸಿ ಬೇಕಾದ ಹದಕ್ಕೆ ತನ್ನಿ. ಹಸಿಮೆಣಸು ಈಗ ಹಾಕಿ. ಕುಕ್ಕರಲ್ಲಿ ಹಾಕಿದರೆ ಪರಿಮಳವೆಲ್ಲ ಸೀಟಿ ಜೊತೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಯಲಿ. ನಡುವೆ ಗುಳ್ಳೆ ದಪ್ಪಗೆ ಎದ್ದು ನಿಧಾನ ಒಡೆಯಲು ಶುರುವಾದರೆ ಬೇಳೆ, ನೀರು ಒಂದಾಗಿದೆ ಅಂತ ಲೆಕ್ಕ. ಕೋಕಂ ಬೇಕೇ ಬೇಕು ಅಂದರೆ ಇಲ್ಲಿ.

ಇಂಗು ಪುಡಿ ಬೇಡ, ಗಟ್ಟಿ ಇಂಗು ತನ್ನಿ. ಕಡಲೆಕಾಳಿನಷ್ಟು ಚೂರನ್ನು ಬಿಸಿ ನೀರಲ್ಲಿ ಮೊದಲೇ ನೆನೆಸಿಟ್ಟು, ಕೈಯಲ್ಲಿ ಕಿವುಚಿ, ಒಲೆ ಆರಿಸುವ ಮುಂಚೆ ಆ ನೀರು ಹಾಕಿ. ಒಗ್ಗರಣೆಗೆ ತೆಂಗಿನೆಣ್ಣೆ. ಸಾಸಿವೆ ಪೂರ್ತಿ ಸಿಡಿಯುವವರೆಗೆ ಕಾಯಿರಿ, ಕರಿಬೇವು ಬಿದ್ದ ಕೂಡಲೇ ಬೇಳೆಗೆ ಸುರಿದು ಮುಚ್ಚಿ. ಬೆಳ್ಳುಳ್ಳಿ ಹಾಕುತ್ತೇನೆ ಅಂತ ಯಾರಾದರೂ ಬಂದರೆ ಅವರು ಬೇರೆ ಸಾರಿನ ಬಗ್ಗೆ ಮಾತಾಡುತ್ತಿದ್ದಾರೆ.

ಅಂಕೋಲಾ ಊಟ

ನಾವು ಬೆಳ್ಳುಳ್ಳಿ ಹಾಕುತ್ತೇವೆ. ಚೆನ್ನಾಗಿಯೇ ಇರುತ್ತದೆ.

ಶಿರಸಿ ಮಾಣಿ

ನಡುವೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನದೂ ಇದೇ ರೋಗ, ಆದರೆ ನಮ್ಮ ಬಾವಿ ತೋಟದಲ್ಲಿದೆ, ಚಿರೆಕಲ್ಲಿನ ನೆಲ. ಸಾಬೂನು ಹಚ್ಚಿದರೆ ತೊಳೆದಷ್ಟೂ ಹೋಗುವುದಿಲ್ಲ, ಅಷ್ಟು ಮೆದು ನೀರು. ಬಟ್ಟಲು ಪರೀಕ್ಷೆ ಮಾಡಿದೆ, ಎರಡೂ ಬೇಯಲಿಲ್ಲ. ಘಟ್ಟದ ಮೇಲೆ ಇರುವುದಕ್ಕೆ ಹೀಗಾಗುತ್ತದಾ? ಮುರುಗಲನ್ನೂ (ನಿಮ್ಮ ಕೋಕಂ) ಮೊದಲೇ ಹಾಕಿಲ್ಲ.

ಲ್ಯಾಬ್ ಮಾಸ್ತರ್

ಎತ್ತರ ಕಾರಣ ಅಲ್ಲ ತಮ್ಮಾ. ಶಿರಸಿ ಸುಮಾರು 600 ಮೀಟರ್ ಎತ್ತರ. ಅಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಎರಡು ಡಿಗ್ರಿ ಕಮ್ಮಿ. ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಬಹುದು, ಕುಕ್ಕರಲ್ಲಿ ಗೊತ್ತೂ ಆಗಲ್ಲ. ಬೇಳೆ ಯಾವಾಗಿನದು? ಎಲ್ಲಿ ಇಟ್ಟಿದ್ದೀಯ?

ಶಿರಸಿ ಮಾಣಿ

ಹೋದ ಮಳೆಗಾಲಕ್ಕೆ ಅಂತ ಮೂಟೆಯಲ್ಲೇ ತಂದಿದ್ದು. ಒಲೆ ಪಕ್ಕದ ಅಟ್ಟದ ಮೇಲಿದೆ. ಹುಳು ಇಲ್ಲ, ನೋಡಲು ಬಣ್ಣ ಸ್ವಲ್ಪ ಕಂದು ಅಷ್ಟೇ.

ಲ್ಯಾಬ್ ಮಾಸ್ತರ್

ಸಿಕ್ಕಿತು ನೋಡು. ಬೆಚ್ಚಗೆ, ತೇವದ ಗಾಳಿಯಲ್ಲಿ ಇಟ್ಟ ಬೇಳೆ ತಿಂಗಳು ಕಳೆದ ಹಾಗೆ ಬೇಯದ ಬೇಳೆಯಾಗುತ್ತದೆ. ಮಲೆನಾಡಿನ ಮಳೆಗಾಲ, ಮೇಲಿಂದ ಒಲೆಯ ಶಾಖ, ಇನ್ನೇನು ಬೇಕು? ಬೇಳೆಯೊಳಗಿನ ಫೈಟಿನ್ ಎಂಬ ಪದಾರ್ಥ ಒಡೆದು, ಅದು ಹಿಡಿದಿಟ್ಟಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ಪೆಕ್ಟಿನ್‌ಗೆ ಹೋಗಿ ಕೂರುತ್ತದೆ. ಕೋಡಿಬಾಗದಲ್ಲಿ ಹೊರಗಿನ ನೀರಿಂದ ಬಂದದ್ದು ನಿನ್ನ ಬೇಳೆಯಲ್ಲಿ ಒಳಗೇ ಹುಟ್ಟಿದೆ. ಹೀಗಾದ ಮೇಲೆ ಪೂರ್ತಿ ಸರಿ ಮಾಡಲು ಬರುವುದಿಲ್ಲ, ಸುಧಾರಿಸಬಹುದು. ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಉಪ್ಪು ಹಾಕಿ, ಬೇಳೆ ಎರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ ಬೇರೆ ನೀರಲ್ಲಿ ಬೇಯಿಸು. ಉಪ್ಪಿನ ಸೋಡಿಯಂ ಒಂದಿಷ್ಟು ಕ್ಯಾಲ್ಸಿಯಂನ್ನು ಎಬ್ಬಿಸಿ ತಾನು ಕೂರುತ್ತದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಚಿಟಿಕೆ ಸೋಡಾ.

ಕುಮಟಾ ಅಕ್ಕ

ತೊಗರಿ ಕೊಯ್ಲು ಡಿಸೆಂಬರ್, ಜನವರಿ ಹೊತ್ತಿಗೆ. ಮಳೆಗಾಲಕ್ಕೆ ತರುವಾಗ ಅಂಗಡಿಯಲ್ಲಿ ಹೊಸ ಬೆಳೆಯದ್ದಾ ಅಂತ ಕೇಳಿ, ಪೊಟ್ಟಣವಾದರೆ ಪ್ಯಾಕ್ ಮಾಡಿದ ತಿಂಗಳು ನೋಡಿ. ಆದರೆ ಪ್ಯಾಕ್ ಮಾಡಿದ ದಿನ ಅಂದರೆ ಬೆಳೆದ ವರ್ಷ ಅಲ್ಲ, ನೆನಪಿರಲಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ಎಂಬ ಗುರುತು) ಸಿಕ್ಕಿದೆ, ಅದು ಸಿಕ್ಕರೆ ಒಳ್ಳೆಯದು. ಆದರೂ ಹಳೇದಾದರೆ ಯಾವ ಊರಿನ ಬೇಳೆಯೂ ಅಷ್ಟೇ. ತಂದ ಮೇಲೆ ಒಂದು ಬಿಸಿಲು ತೋರಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ ತಂಪಿನ ಜಾಗದಲ್ಲಿಡಿ. ಒಲೆ ಮೇಲಿನ ಅಟ್ಟ ಬೇಡವೇ ಬೇಡ.

ಶಿರಸಿ ಮಾಣಿ

ಉಪ್ಪು ನೀರಲ್ಲಿ ನೆನೆಸಿದ್ದಕ್ಕೆ ಪರವಾಗಿಲ್ಲ ಅನ್ನುವಷ್ಟಾಯಿತು. ಹುಳಿಗೆ ನಡೆಯುತ್ತದೆ, ದಾಳಿತೋಯಕ್ಕೆ ಆಗಲ್ಲ. ಆದರೆ ಮೂಟೆಯಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ. ದನಕ್ಕೆ ಹಾಕಲು ಆಯಿ ಬಿಡುತ್ತಿಲ್ಲ.

ಕುಮಟಾ ಅಕ್ಕ

ಆಯಿ ಹೇಳಿದ್ದು ಸರಿ. ಬೇಯಿಸಿದರೆ ತಾನೆ ತಕರಾರು? ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿದು, ಒಣಮೆಣಸು, ಕಾಯಿತುರಿ, ಸ್ವಲ್ಪ ಹುಣಸೆ, ಉಪ್ಪು ಹಾಕಿ ಗಟ್ಟಿ ಚಟ್ನಿ ರುಬ್ಬಿಕೊಳ್ಳಿ, ಗಂಜಿಗೆ ಒಳ್ಳೆ ಜೋಡಿ. ಉಳಿದಿದ್ದನ್ನು ಹುರಿದು ಸಾರಿನ ಪುಡಿಗೆ ಸೇರಿಸಿ.

ಕೋಡಿಬಾಗ ಕಿಚನ್

ನನ್ನ ಸಮಸ್ಯೆ ಬಗೆಹರಿಯಿತು. ಬಿಸಿನೀರು, ಗಟ್ಟಿ ಇಂಗು, ಕೋಕಂ ಕೊನೆಗೆ. ಬೇಳೆ ಈಗ ತಳಕ್ಕೆ ಕೂರುತ್ತಿಲ್ಲ. ಮಾಸ್ತರೇ, ಒಂದೇ ಅನುಮಾನ: ಕಡಲೆಕಾಳು, ಅಲಸಂದೆ ನೆನೆಸುವುದಕ್ಕೂ ಕ್ಯಾನ್ ನೀರೇ ಬೇಕಾ?

ಲ್ಯಾಬ್ ಮಾಸ್ತರ್

ಬೇಕು. ಇಡೀ ಕಾಳು ರಾತ್ರಿಯೆಲ್ಲ ನೆನೆಯುತ್ತದೆ, ಗಡಸು ನೀರಾದರೆ ಅಷ್ಟು ಹೊತ್ತೂ ಅದನ್ನೇ ಕುಡಿಯುತ್ತದೆ. ಮಳೆ ಹಿಡಿದು ಬಾವಿ ಸಿಹಿಯಾದ ಮೇಲೆ ಮತ್ತೊಮ್ಮೆ ಎರಡು ಬಟ್ಟಲು ಇಟ್ಟು ನೋಡಿ. ಎರಡೂ ಒಂದೇ ಹದಕ್ಕೆ ಬೆಂದರೆ ಕ್ಯಾನ್ ನಿಲ್ಲಿಸಿ.