ದಪ್ಪ ಮಾವು, ಸಣ್ಣ ಮಾವು: ಯಾವುದು ಹೆಚ್ಚು ದಿನ ತಾಳುತ್ತೆ?

ಪ್ರಶ್ನೆ: ಒಂದೇ ಮರದಿಂದ ಒಂದೇ ದಿನ ಕಿತ್ತ ಕಾಯಿಗಳು. 200 ಗ್ರಾಂ ಒಳಗಿನವು ಸುಕ್ಕಾಗುತ್ತಿವೆ. 450 ಗ್ರಾಂ ದಾಟಿದವು ಹೊರಗೆ ಚೆನ್ನಾಗಿ ಕಂಡರೂ ಕೊಯ್ದಾಗ ಓಟೆಯ ಸುತ್ತ ಕೆಟ್ಟಿರುತ್ತವೆ. ಇಡೋದಕ್ಕೆ ಯಾವ ಗಾತ್ರ ಆರಿಸಲಿ?

ಉತ್ತರ: ಸುಕ್ಕಿಗೆ ಕಾರಣ ನೀರು ಆರಿಹೋಗುವುದು. ಸಣ್ಣ ಕಾಯಿಗೆ ತೂಕದ ಲೆಕ್ಕದಲ್ಲಿ ಸಿಪ್ಪೆ ಜಾಸ್ತಿ. ಒಂದೇ ಆಕಾರದ 200 ಮತ್ತು 400 ಗ್ರಾಂ ಕಾಯಿ ಹೋಲಿಸಿದರೆ, ಪ್ರತಿ ಗ್ರಾಂಗೆ ಸಣ್ಣದರಲ್ಲಿ ಸುಮಾರು ಕಾಲು ಭಾಗ ಹೆಚ್ಚು ಸಿಪ್ಪೆ ಗಾಳಿಗೆ ತೆರೆದಿರುತ್ತೆ. ಇಡುವ ಜಾಗದ ಗಾಳಿಯಲ್ಲಿ ತೇವಾಂಶ 85–90% ಇಟ್ಟುಕೊಂಡರೆ ಈ ವ್ಯತ್ಯಾಸ ಅಷ್ಟಾಗಿ ಕಾಡಲ್ಲ. ಫ್ಯಾನ್ ಗಾಳಿ ನೇರವಾಗಿ ಬೀಳಬಾರದು.

ಉತ್ತರ: ಮೇಲಿನ ಮಾತು ಸರಿ, ಆದರೆ ಮೊದಲು ಬಲಿತಿದೆಯಾ ನೋಡಿ. ಒಂದೇ ಮರದಲ್ಲೂ ತಡವಾಗಿ ಕಚ್ಚಿದ ಕಾಯಿ ಸಣ್ಣದಾಗಿ, ಎಳಸಾಗಿ ಇರುತ್ತೆ. ಅಂಥದ್ದು ಮಾಗುವ ಮೊದಲೇ ಸುಕ್ಕಾಗುತ್ತೆ. ಅದು ಗಾತ್ರದ ತಪ್ಪಲ್ಲ. ಬಕೆಟ್ ನೀರಿಗೆ ಹಾಕಿ: ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತೆ, ಎಳಸು ತೇಲುತ್ತೆ. ತೊಟ್ಟಿನ ಪಕ್ಕದ ಹೆಗಲು ಉಬ್ಬಿ, ತೊಟ್ಟು ಗುಳಿಯೊಳಗೆ ಕೂತಿದ್ದರೆ ಇಡಬಹುದು, 200 ಗ್ರಾಂ ಇದ್ದರೂ ಸರಿ.

ಉತ್ತರ: ದಪ್ಪ ಕಾಯಿಯ ತೊಂದರೆಯೇ ಬೇರೆ. ಮಾವು ಓಟೆಯ ಕಡೆಯಿಂದ ಹೊರಕ್ಕೆ ಮಾಗುತ್ತೆ, ಹಾಗಾಗಿ ಹೊರಗೆ ಗಟ್ಟಿ ಅನಿಸುವಾಗಲೇ ಒಳಗೆ ಮೀರಿರಬಹುದು. ದಪ್ಪಗಾದಷ್ಟೂ ತಿರುಳನ್ನು ಗಟ್ಟಿಯಾಗಿಡುವ ಕ್ಯಾಲ್ಸಿಯಂ ಅದರಲ್ಲಿ ತೆಳುವಾಗುತ್ತೆ. ಆಲ್ಫಾನ್ಸೊದಲ್ಲಿ ಸ್ಪಂಜಿನಂಥ ತಿರುಳು ದಪ್ಪ ಹಣ್ಣಿಗೇ ಹೆಚ್ಚು, ಅದೂ ಮರದಲ್ಲಿ ಜಾಸ್ತಿ ದಿನ ಬಿಟ್ಟಾಗ. ಇನ್ನೊಂದು, ದಪ್ಪ ಕಾಯಿಯ ಒಳಕ್ಕೆ ತಂಪು ನಿಧಾನವಾಗಿ ಇಳಿಯುತ್ತೆ. ತೂಕ ಎರಡರಷ್ಟಾದರೆ ನಡುಭಾಗ ತಣಿಯಲು ಸುಮಾರು ಒಂದೂವರೆ ಪಟ್ಟು ಸಮಯ ಬೇಕು. ಒತ್ತೊತ್ತಾಗಿ ಜೋಡಿಸಿದರೆ ಹೊರಗಿನವು ತಣ್ಣಗಾದರೂ ನಡುವಿನವು ಬಿಸಿಯಾಗೇ ಮಾಗುತ್ತಾ ಹೋಗುತ್ತವೆ. ಬೇಗ ತಣಿಸೋಣ ಅಂತ ಬಲಿತ ಹಸಿರು ಕಾಯಿಯನ್ನು 12–13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ದಿನಗಟ್ಟಲೆ ಇಡಬೇಡಿ. ಸಿಪ್ಪೆ ಕಂದುತ್ತೆ, ಆಮೇಲೆ ಸರಿಯಾಗಿ ಮಾಗಲ್ಲ, ಪರಿಮಳವೂ ಬರಲ್ಲ.

ಉತ್ತರ: ಆರಿಸುವುದಾದರೆ ಆ ತಳಿಯ ಮಧ್ಯಮ ಗಾತ್ರದವನ್ನೇ ದೀರ್ಘಕಾಲಕ್ಕೆ ಇಡಿ. ನಿಮ್ಮ ಮರಕ್ಕೆ 250ರೊಳಗೆ, 250–400, 400ರ ಮೇಲೆ ಅಂತ ಮೂರು ಪಾಲು ಮಾಡಿದರೆ ಸಾಕು. ದಪ್ಪವನ್ನು ಮೊದಲು ಖರ್ಚು ಮಾಡಿ, ಆಗಾಗ ಒಂದನ್ನು ಕೊಯ್ದು ನೋಡುತ್ತಿರಿ. ಒಂದೇ ಪೆಟ್ಟಿಗೆಯಲ್ಲಿ ಬೆರೆಸಬೇಡಿ. ಮೊದಲು ಮಾಗಿದ ಹಣ್ಣು ಬಿಡುವ ಎಥಿಲೀನ್ ಅನಿಲ ಉಳಿದವನ್ನೂ ಮಾಗಿಸಿಬಿಡುತ್ತೆ. ತೊಟ್ಟು ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಬುಡಕ್ಕೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆ ಸುಡುತ್ತೆ, ತೊಟ್ಟು ಕೊಳೆಯೂ ಅಲ್ಲಿಂದಲೇ ಶುರು. ಚಿಬ್ಬು ರೋಗದ ಕಪ್ಪು ಚುಕ್ಕೆಯ ಭಯವಿದ್ದರೆ 52 ಡಿಗ್ರಿ ನೀರಿನಲ್ಲಿ 5 ನಿಮಿಷ ಅದ್ದಿ, ನೆರಳಲ್ಲಿ ತಣಿಸಿ, ಪೂರ್ತಿ ಒಣಗಿದ ಮೇಲೆ ಒಂದೇ ಪದರವಾಗಿ ಜೋಡಿಸಿ.